ಹೆಣ್ಣು ನೋಡಲು ಹೋದಾಗ ಹಾಡಿನ ನಂತರ

ಯಶವಂತಪುರದ ಆ ಮನೆಯಲ್ಲಿ ಹುಡುಗಿ ದೇವರನಾಮ ಹಾಡಿ ಮುಗಿಸಿದಳು. ಅವಳ ಸೋದರಮಾವ ಕೇಸರಿಬಾತು ತಿನ್ನುತ್ತಿದ್ದ ನನ್ನ ಕಡೆ ತಿರುಗಿ, “ಈಗ ನಿಮ್ಮ ಸರದಿ ಕಣ್ರೀ. ತಂದೆಯವರು ಮಾಡ್ತಾರಲ್ಲ, ಆ ಕುಡುಕನ ಪಾರ್ಟು, ಒಂದ್ಸಲ ಆಗ್ಲಿ!” ಎಂದರು.

ನನ್ನ ತಂದೆ ಕಂಪನಿ ನಾಟಕದ ಹೆಸರಾಂತ ಹಾಸ್ಯನಟರು. ನನಗೆ ಕಾರ್ಖಾನೆಯಲ್ಲಿ ಲೇತ್ ಕೆಲಸ. ನಾನು ಜೋಕು ಹೇಳಿದರೆ ಜನ ಸಮಾಧಾನ ಹೇಳುತ್ತಾರೆ. ಹಿಂದಿನ ಭಾನುವಾರವಷ್ಟೇ ಜಾಲಹಳ್ಳಿಯಲ್ಲಿ ಒಂದು ಫ್ರೆಂಚ್ ಹಾಸ್ಯಚಿತ್ರ ನೋಡಿದ್ದೆ. ಅದರಲ್ಲೂ ದೊಡ್ಡ ನಟನ ಮಗನಿಗೆ ಇದೇ ಗತಿ. ಅವನು ಕಿಟಕಿ ಹಾರಿ ಪಾರಾಗುತ್ತಾನೆ. ಎಲ್ಲರೂ ನಗುತ್ತಿದ್ದಾಗ ನಾನೊಬ್ಬ ಅದನ್ನು ಶ್ರದ್ಧೆಯಿಂದ ಕಲಿತುಕೊಂಡಿದ್ದೆ. ಆದರೆ ಈ ಮನೆಯ ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು. ಪಕ್ಕದಲ್ಲಿ ಅಪ್ಪ, ನಾನು ಮರೆತರೆ ಮಾತು ಒದಗಿಸಲೆಂದು, ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಈ ಸಂಬಂಧ ಇಲ್ಲಿಗೆ ಮುಗಿಯಿತೆಂದುಕೊಂಡು ಪಾರ್ಟು ಮಾಡಲು ಎದ್ದು ನಿಂತೆ.

“ಸುಮ್ನಿರಿ ಮಾವ,” ಎಂದಳು ಹುಡುಗಿ. “ಇವರು ಲೇತ್ ಓಡಿಸೋರು. ಬೇಕಾದ್ರೆ ಒಂದು ಬೋಲ್ಟು ಮಾಡಿಸ್ಕೊಳ್ಳಿ. ಪಾರ್ಟು ಮಾಡೋರು ಪಕ್ಕದಲ್ಲೇ ಕೂತಿದ್ದಾರಲ್ಲ, ಅವರನ್ನ ಕೇಳಿ.”

ಅಪ್ಪ ಅದಕ್ಕೇ ಕಾದಿದ್ದವರಂತೆ ಎದ್ದರು. ನಾನು ಕೂತೆ. ಅವರು ತೂರಾಡತೊಡಗಿದಾಗ ಮೊದಲ ಬಾರಿಗೆ ನಾನೂ ಹೊಟ್ಟೆ ತುಂಬ ನಕ್ಕೆ.

ಮದುವೆಯಾಗಿ ಮೂರು ವರ್ಷವಾಯಿತು. ಅವಳು ಶೆಟ್ಟಿಹಳ್ಳಿಯ ಶಾಲೆಯಲ್ಲಿ ಕಲಿಸುತ್ತಾಳೆ. ಅಲ್ಲಿನವರಿಗೆಲ್ಲ ನಾನು ‘ಟೀಚರ್ ಯಜಮಾನರು’. ಇದುವರೆಗೆ ಯಾರೂ ನನ್ನನ್ನು ಪಾಠ ಮಾಡಿ ಎಂದು ಕೇಳಿಲ್ಲ.