ಅಣ್ಣನ ವಾರಂಟು

ಮೊನ್ನೆ ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ನುಗ್ಗಿತು, ಸಿಹಿಯೂ ಘಾಟೂ ಬೆರೆತದ್ದು. ಪಕ್ಕದಲ್ಲಿ ಕುಳಿತವರು ಮೂಗು ಮುಚ್ಚಿಕೊಂಡರು. ನನಗೆ ಪಕ್ಕದ ಮನೆಯ ಅಣ್ಣನ ನೆನಪಾಯಿತು.

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ನಾನು ಅವರ ಊರಿನ ಶಾಲೆಗೆ ಮೇಷ್ಟ್ರಾಗಿ ಹೋದಾಗ ಬಾಡಿಗೆಗೆ ಮನೆ ಕೊಡಿಸಿ, ಮೊದಲ ದಿನ ಮುದ್ದೆ, ಉಪ್ಸಾರು ಕಳಿಸಿದವರು. ಅಕ್ಷರ ಬಾರದ ಮನುಷ್ಯ. ಆದರೆ ಹೊಗೆಸೊಪ್ಪು ಬೇಯಿಸುವ ಕೋಣೆಯ, ಅಂದರೆ ಬ್ಯಾರನ್ನಿನ, ಕಿಂಡಿಯಿಂದ ಒಮ್ಮೆ ಇಣುಕಿದರೆ ಸಾಕು, ಹದ ಎಷ್ಟು ಬಂದಿದೆ ಎಂದು ಹೇಳಿಬಿಡುತ್ತಿದ್ದರು. ಊರಿಗೆ ಬರುವ ಕಾಗದವೆಲ್ಲ, ಕರೆಂಟ್ ಬಿಲ್ಲಿನಿಂದ ಆಸ್ಪತ್ರೆ ಚೀಟಿಯವರೆಗೆ, ಓದಿಸಲು ನನ್ನ ಜಗುಲಿಗೇ ಬರುತ್ತಿತ್ತು. ಅದರಿಂದ ನನಗೂ ಸ್ವಲ್ಪ ಕೊಬ್ಬು ಬಂದಿತ್ತು, ಸುಳ್ಳೇಕೆ ಹೇಳಲಿ.

ಬದುವಿನ ಜಗಳದಲ್ಲಿ ದಾಯಾದಿಯೊಬ್ಬ ಅಣ್ಣನ ಮೇಲೆ ಕೇಸು ಹಾಕಿದ್ದ. ಕೋರ್ಟಿನ ಎರಡು ವಾಯಿದೆಗಳೂ ಬ್ಯಾರನ್ನಿಗೆ ಸೊಪ್ಪು ಏರಿಸಿದ ವಾರದಲ್ಲೇ ಬಿದ್ದವು. ಆ ಕಡೆ ಸೊಪ್ಪು ಏರಿಸಿದ ಮೇಲೆ ಐದಾರು ದಿನ ಬೆಂಕಿ ಬಿಟ್ಟು ಯಾರೂ ಕದಲುವುದಿಲ್ಲ. ಜಡ್ಜ್ ಸಾಹೇಬರಿಗೂ ಇಷ್ಟು ಗೊತ್ತಿರುತ್ತದೆ ಎಂದು ನಂಬಿ ಅಣ್ಣ ಎರಡಕ್ಕೂ ಹೋಗಲಿಲ್ಲ.

"ಮೊದ್ಲು ಸೊಪ್ಪು ಇಳೀಲಿ ಬುಡಿ ಮೇಷ್ಟ್ರೇ. ಕೋರ್ಟೇನು ಓಡೋಯ್ತದಾ?"

ಮೂರನೆಯ ಸಲ ಏರಿಸಿದಾಗ, ಒಂದು ಬೆಳಿಗ್ಗೆ ಜೀಪು ಬಂತು. ಅತ್ತಿಗೆ ಮಗಳ ಹೆರಿಗೆಗೆಂದು ಮೈಸೂರಿನ ಆಸ್ಪತ್ರೆಯಲ್ಲಿದ್ದರು. ಅಣ್ಣ ಒಬ್ಬರೇ ಬ್ಯಾರನ್ನಿನ ಒಲೆಯ ಮುಂದೆ. ಹೆಡ್ ಕಾನ್‌ಸ್ಟೆಬಲ್ "ವಾರಂಟ್ ಅದೆ, ನಡಿ" ಎಂದು ರಟ್ಟೆ ಹಿಡಿದರು. ಏನು, ಎತ್ತ ಎಂದು ಬಿಡಿಸಿ ಹೇಳಲಿಲ್ಲ. ಜೀಪಿನ ಸದ್ದಿಗೆ ಓಡಿಬಂದಿದ್ದ ನನ್ನ ಕಡೆ ಅಣ್ಣ ತಿರುಗಿದರು.

"ತಡೀರಿ ಸಾಮಿ, ನಮ್ ಮೇಷ್ಟ್ರು ನೋಡ್ಲಿ. ಅವ್ರು ಓಗು ಅಂದ್ರೆ ಬತ್ತೀನಿ."

ಕಾಗದ ನನ್ನ ಕೈಗೆ ಬಂತು. ಕನ್ನಡಕ ಮನೆಯಲ್ಲಿತ್ತು, ಅದಿಲ್ಲದೆ ಒಂದಕ್ಷರವೂ ಕಾಣದು. ಒಂದು ನಿಮಿಷ ತಡೆಯಿರಿ ಎಂದು ಹೋಗಿ ತರಬಹುದಿತ್ತು... ಜೀಪಿನ ಸುತ್ತ ಊರೇ ನೆರೆದಿತ್ತು. ಅಷ್ಟು ಜನರ ಮುಂದೆ ಮೇಷ್ಟ್ರು ತಡವರಿಸಿದರು ಅನ್ನಿಸಿಕೊಳ್ಳಲು ನಾಚಿಕೆ, ಖಾಕಿ ಕಂಡ ಭಯ ಬೇರೆ. ಕಣ್ಣಾಡಿಸಿದಂತೆ ಮಾಡಿ, "ಸರಿಯಾಗಿದೆ ಅಣ್ಣ, ಹೋಗ್ಬನ್ನಿ. ಬೆಂಕಿ ನಾನ್ ನೋಡ್ಕೋತೀನಿ" ಎಂದೆ.

ನೋಡಿಕೊಂಡೆ, ಚೆನ್ನಾಗಿಯೇ ನೋಡಿಕೊಂಡೆ! ಆರಿಹೋದೀತೆಂದು ಸೌದೆ ಒಟ್ಟಿದ್ದೇ ಒಟ್ಟಿದ್ದು. ಸಂಜೆ ಕೋರ್ಟಿನಲ್ಲಿ ಜಾಮೀನು ಪಡೆದು ಅಣ್ಣ ಮರಳುವ ಹೊತ್ತಿಗೆ ಸೊಪ್ಪೆಲ್ಲ ಕರಕಲಾಗಿತ್ತು. ಕಿಂಡಿಯಿಂದ ಇಣುಕಿ ನೋಡಿದರು, ಬಯ್ಯಲಿಲ್ಲ. ನನ್ನ ಜಗುಲಿಯ ಮೇಲೆ ಕುಳಿತು ಮೆಲ್ಲಗೆ ಹೇಳಿದರು.

"ವಾರಂಟಿನ್ ಕೆಳ್ಗಡೆ ಬರ್ದಿತ್ತಂತೆ ಮೇಷ್ಟ್ರೇ. ಯಾರಾರ ಒಬ್ರು ಜಾಮೀನ್ ನಿಂತು ರುಜು ಆಕಿದ್ರೆ ಇಲ್ಲೇ ಬುಟ್ಟು ಓಗ್ಬೇಕಿತ್ತಂತೆ. ಲಾಯರ್ರು ಏಳುದ್ರು." ಮತ್ತೆ, "ನಿಮ್ಗೆ ರುಜು ಆಕಾಕೆ ಇಷ್ಟ ಇರ್ನಿಲ್ಲ ಅಂದ್ರೆ ಓಗ್ಲಿ ಬುಡಿ" ಎಂದು ಎದ್ದರು.

ನಿಜ ಸಂಗತಿ ನಾಲಗೆಯ ತುದಿಗೆ ಬಂದಿತ್ತು, ಆದರೂ ನಾನು ಬಾಯಿ ಬಿಡಲಿಲ್ಲ. ವಾರಂಟಿನಲ್ಲಿ ಏನಿದೆ ಎಂದು ತಿಳಿಸಬೇಕಾದದ್ದು ಪೊಲೀಸರು, ಅದು ಅವರ ಕರ್ತವ್ಯ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ತಪ್ಪು ಅವರದೇ ಎಂದು ಎಷ್ಟು ಸಲ ಸಮಾಧಾನ ಮಾಡಿಕೊಂಡೆನೋ... ಆದರೆ ಅಣ್ಣ ನಂಬಿದ್ದು ಪೊಲೀಸರನ್ನಲ್ಲ, ನನ್ನನ್ನು. ಆಮೇಲೆಯೂ ಅವರ ಮನೆಯಿಂದ ಅವರೆಕಾಯಿ ಬರುತ್ತಿತ್ತು. ಕಾಗದಗಳು ಮಾತ್ರ ಬರಲಿಲ್ಲ.

ಹೋದ ವರ್ಷ ಅಣ್ಣ ತೀರಿಕೊಂಡರು. ನಾನು ನಿವೃತ್ತನಾಗಿ ಹುಣಸೂರಿನಲ್ಲಿದ್ದೇನೆ. ಯಾರಾದರೂ ಸಮನ್ಸೋ ವಾರಂಟೋ ತಂದರೆ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಮೇಷ್ಟ್ರು ಬಹಳ ತಿಳಿದವರು ಎನ್ನುತ್ತಾರೆ. ಓದಿ, ತಿಳಿದೂ ರುಜು ಹಾಕದ ಮನುಷ್ಯ ಎಂದುಕೊಂಡೇ ಅಣ್ಣ ಮಣ್ಣಿಗೆ ಹೋದರು. ನಾನು ಓದಿರಲೇ ಇಲ್ಲ ಎಂದು ಅವರಿಗೆ ಹೇಳಲಿಲ್ಲ.