ಬಂಗುಡೆ ಎಂದು ಬರೆದ ಪೊಟ್ಟಣ

ಐವತ್ತು ವರ್ಷದ ಹಿಂದೆ ತನ್ನ ಊರಾದ ಜಪಾನಿನ ಹಮಾಮಾತ್ಸುವಿನಲ್ಲೇ ತಯಾರಾದ ಬೈಕುಗಳ ಎಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ನುಕಿನಾ ತೋಕುಜಿ ಎತ್ತಿದ ಕೈ. ಉಕ್ಕಿನ ಬಳೆಯಂಥ ಬೇರಿಂಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಬೇರಿಂಗನ್ನು ಫ್ರೀಜರಿನಲ್ಲಿಟ್ಟು ಕುಗ್ಗಿಸಬೇಕು, ಎಂಜಿನ್ನಿನ ಕವಚವನ್ನು ಓವನ್ನಿನಲ್ಲಿಟ್ಟು ಹಿಗ್ಗಿಸಬೇಕು, ಆಗ ಅದು ತಾನಾಗಿ ಜಾರಿ ಕೂರುತ್ತದೆ ಎನ್ನುವುದು ಅವನ ವಾದ. ಆದರೆ ಫ್ರೀಜರು ಹೆಂಡತಿ ಫುಸಾಯೆಯ ರಾಜ್ಯ.

"ರೀ, ಇನ್ನೊಂದ್ಸಲ ಇದ್ರಲ್ಲಿ ಕಬ್ಬಿಣ ಕಂಡ್ರೆ ನಿಮ್ಮನ್ನೂ ಒಳಗಿಟ್ಟು ಬಾಗಿಲು ಹಾಕ್ತೀನಿ" ಎಂದಿದ್ದಳು.

ಅದಕ್ಕೇ ಅವನು ಎರಡು ಬೇರಿಂಗುಗಳನ್ನು ಕಾಗದದಲ್ಲಿ ಸುತ್ತಿ, ಮೇಲೆ 'ಬಂಗುಡೆ' ಎಂದು ಮೀನಿನ ಹೆಸರು ಬರೆದು ಫ್ರೀಜರಿನಲ್ಲಿಟ್ಟ.

ಮರುದಿನ ಪಕ್ಕದ ಮನೆಯ ಓಸಾದಾ ಅಜ್ಜಿ ಮೂಲಂಗಿ ತಂದುಕೊಟ್ಟರು. ಅವರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಫುಸಾಯೆ ಆ ಪೊಟ್ಟಣವನ್ನೇ ಡಬ್ಬಿಗೆ ಹಾಕಿ ಕೊಟ್ಟಳು. ಇತ್ತ ಕವಚ ಕಾದು ಸಿದ್ಧವಾಯಿತು. ತೋಕುಜಿ ಫ್ರೀಜರು ತೆರೆದರೆ ಬಂಗುಡೆ ಮಾಯ. ಹೆಂಡತಿಯನ್ನು ಕೇಳುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ.

ಸಂಜೆ ಅಜ್ಜಿ ತೊಳೆದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಂದು, ಬಾಗಿ ವಂದಿಸಿ ಫುಸಾಯೆಗೆ ಒಪ್ಪಿಸಿದರು. ಒಳಗೆ ಎರಡು ಬೇರಿಂಗುಗಳು ಫಳಫಳ ಹೊಳೆಯುತ್ತಿದ್ದವು.

"ಸಾರು ತುಂಬ ರುಚಿಯಾಗಿತ್ತಮ್ಮ" ಎಂದರು ಅಜ್ಜಿ. "ಒಂದು ಗಂಟೆ ಬೇಯಿಸ್ದೆ. ಮುಳ್ಳು ಮಾತ್ರ ಬೇಯ್ಲಿಲ್ಲ."