ಬಾಣ ಎಳೆದ ಸೋಮವಾರ

ನನ್ನ ಗಂಡನ ಜೊತೆ ಸಂಸಾರ ಮಾಡುವುದೆಂದರೆ ದಿನಾ ಪ್ಲಾನಿಂಗ್ ಸೆಕ್ಷನ್ನಿಗೆ ಹಾಜರಿ ಹಾಕಿದ ಹಾಗೆ. ಅರವತ್ತರ ದಶಕದಲ್ಲಿ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಅವರಿಗೆ ಅದೇ ಕೆಲಸ. ಮೊದಲು ಗುರಿ ಬರೆಯಬೇಕು. ಅದಕ್ಕೆ ಮುಂಚೆ ಏನಾಗಿರಬೇಕು, ಅದಕ್ಕೂ ಮುಂಚೆ ಏನು ಎಂದು ಬಾಣ ಎಳೆಯುತ್ತ ಎಳೆಯುತ್ತ ಈಗ ಇರುವಲ್ಲಿಗೆ ಬರಬೇಕು. ಈಗ ಕಂಪ್ಯೂಟರುಗಳಿಗೂ ಹೀಗೇ ಯೋಜನೆ ಹಾಕುವುದನ್ನು ಕಲಿಸುತ್ತಾರಂತೆ. ಪಾಪ, ಕಂಪ್ಯೂಟರುಗಳು! ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೂ ಬಾಣವಿತ್ತು.

ಶಿವಮೊಗ್ಗದ ಶಾಲೆಯೊಂದರಲ್ಲಿ ಟೀಚರ್ ಕೆಲಸಕ್ಕೆ ನನಗೆ ಇಂಟರ್‌ವ್ಯೂ ಬಂತು. ಓದಿದ್ದೆಲ್ಲ ಒಲೆಗೆ ಹಾಕಿದಂತಾಯಿತು ಅಂದುಕೊಂಡಿದ್ದವಳಿಗೆ ಅದೊಂದೇ ಆಸೆ. ಇವರು ಖುಷಿಯಿಂದ ಹಾಳೆ ಹಾಸಿದರು. ಸೋಮವಾರ ಬಸ್ಸಿನ ಹೊತ್ತಿಗೆ ಸರಿಯಾಗಿ ರಾಹುಕಾಲ ಎಂದರು ಅತ್ತೆ. ಅದಕ್ಕೂ ನಮ್ಮಲ್ಲಿ ಉಪಾಯವಿತ್ತು. ರಾಹುಕಾಲಕ್ಕೆ ಮೊದಲೇ ಪ್ರಯಾಣದ ಚೀಲವನ್ನು ಬೇರೆಯವರ ಮನೆಯಲ್ಲಿಟ್ಟು ಬಂದರೆ ಹೊರಟಂತೆಯೇ ಲೆಕ್ಕ. ನನ್ನ ಸರ್ಟಿಫಿಕೇಟುಗಳ ಚೀಲವನ್ನು ಇವರೇ ಬೆಳಿಗ್ಗೆ ಎದುರುಮನೆಯಲ್ಲಿಟ್ಟು ಬಂದು, "ಹೊರಟಾಯ್ತು" ಎಂದು ಚಾರ್ಟಿನಲ್ಲಿ ಟಿಕ್ ಹಾಕಿದರು.

ನಾನು ಸೀರೆ ಉಟ್ಟು ಹೋಗಿ ನೋಡಿದರೆ ಎದುರುಮನೆಗೆ ಬೀಗ. ಆ ಮನೆಯಾಕೆ ತರಕಾರಿಗೆಂದು ಓಲ್ಡ್ ಟೌನಿಗೆ ಹೋಗಿದ್ದಳು.

"ರೀ, ಅವ್ರು ಮನೇಲಿರ್ತಾರಾ ಅಂತ ಕೇಳಿದ್ರಾ?"

"ಇಟ್ಟ ಚೀಲ ಇಟ್ಟಲ್ಲೇ ಇರುತ್ತಲ್ಲ ಮಾರಾಯ್ತಿ, ಅದನ್ನ್ಯಾಕೆ ಕೇಳ್ಬೇಕು?"

ಇರುತ್ತದೆ, ಬೀಗದೊಳಗೆ! ಲೋಕದಲ್ಲಿ ಇವರೊಬ್ಬರೇ ಓಡಾಡುವುದು, ಉಳಿದವರೆಲ್ಲ ಇವರ ಟಿಕ್ ಬೀಳುವ ತನಕ ನಿಂತಲ್ಲೇ ನಿಂತಿರುತ್ತಾರೆ! ನನಗೆ ಮೈಯೆಲ್ಲ ಉರಿಯಿತು. ಇವರು ಜಗಲಿಯಲ್ಲಿ ಕೂತು ಪೆನ್ಸಿಲ್ ಚೂಪು ಮಾಡತೊಡಗಿದರು. ಮತ್ತೆ ಗುರಿಯಿಂದ ಶುರು ಮಾಡಬೇಕಂತೆ. ಬಸ್ಸು ಇವರ ಪೆನ್ಸಿಲ್ಲಿಗೆ ಕಾಯುತ್ತದೆಯೇ?

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಗುಂಡುಕಲ್ಲು ತಂದು ನನ್ನ ಕೈಗಿಟ್ಟರು. ರಾಹುಕಾಲದಲ್ಲಿ ಹೊಸಿಲು ದಾಟದ ನಮ್ಮ ಅತ್ತೆ, ರಾಹುಕಾಲದಲ್ಲೇ ಬೀದಿಗೆ ಬಂದಿದ್ದರು.

"ಒಡಿ. ಆಕೆಗೆ ನಾನು ಹೇಳ್ಕೋತೀನಿ."

"ಅಮ್ಮಾ, ಬೇರೆಯವ್ರ ಮನೆ ಬೀಗ!" ಎಂದರು ಇವರು.

"ನೀನು ಗೀಚ್ತಾ ಇರು" ಎಂದು ಮಗನನ್ನು ಗದರಿ ಅತ್ತೆ ನನ್ನ ಕಡೆ ತಿರುಗಿದರು. "ಒಳ್ಳೇ ಹೊತ್ತು ಕಾಯ್ತಾ ಕಾಯ್ತಾ ನಾನು ಎಲ್ಲಿಗೂ ಹೋಗ್ಲಿಲ್ಲ ಕಣೇ. ನೀನು ಹೊರಡು."

ಬೀಗ ಒಡೆದೆ. ಬಸ್ಸು ಶಿವಮೊಗ್ಗ ಮುಟ್ಟುವ ತನಕ ಇವರನ್ನು ಮನಸ್ಸಿನಲ್ಲೇ ಬೈದೆ. ಅತ್ತೆಯ ಮಾತು ನೆನಪಾದಾಗ ಮಾತ್ರ ಬೈಯುವುದು ಬಿಟ್ಟು ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಕೆಲಸ ಸಿಕ್ಕಿತು. ಸೇರುವ ದಿನ ಅತ್ತೆಯೂ ನನ್ನ ಜೊತೆ ಬಸ್ಸು ಹತ್ತಿದರು. ಹೊತ್ತು ಎಂಥದ್ದೆಂದು ಕೇಳಲೇ ಇಲ್ಲ.